ಮೂರು ಬಡಿದು ಒಂದು ಬಿಡುವ ನಾಡಿ

ದೆವ್ವ, ಮಾಟ, ಶಕುನ, ಕನಸಿನಲ್ಲಿ ಬಂದು ಎಚ್ಚರಿಕೆ ಕೊಟ್ಟುಹೋದ ಹಿರಿಯರು, ಇಂಥ ಮಾತನ್ನು ಯಾರಾದರೂ ತೆಗೆದರೆ ಚಪ್ಪಲಿ ಮೆಟ್ಟಿಕೊಂಡು ಎದ್ದುಹೋಗುವ ಅಭ್ಯಾಸ ನನಗಿತ್ತು. ಸುಮ್ಮನೆ ಹೋಗುತ್ತಲೂ ಇರಲಿಲ್ಲ. ಹೇಳಿದವರ ಮುಖ ಸಣ್ಣದಾಗುವಂತೆ ಏನಾದರೊಂದು ಅಂದೇ ಹೋಗುತ್ತಿದ್ದೆ. ಮದುವೆಮನೆಗಳಲ್ಲಿ ನನ್ನನ್ನು ಕಂಡರೆ ನಮ್ಮ ಹಿನಕಲ್ಲಿನ ನೆಂಟರು "ಲ್ಯಾಬೊರೇಟರಿ ಗೌಡ ಬಂದ, ಬಾಯ್ ಮುಚ್ಕೊಳ್ರಪ್ಪ" ಅನ್ನುತ್ತಿದ್ದರು. ನನಗೆ ಅದೇ ಒಂದು ಬಿರುದಾಗಿತ್ತು. ಆದ್ದರಿಂದ ಈಗ ನಾನು ಹೇಳುವುದನ್ನು ಕೇಳಿ ನೀವು ಎದ್ದುಹೋದರೆ ನಾನು ಬೇಸರಪಡುವಂತಿಲ್ಲ. ಕೂತು ಕೇಳಿದರೆ ಅದು ನಿಮ್ಮ ದೊಡ್ಡತನ.

ಸ್ವಾತಂತ್ರ್ಯ ಬಂದ ಮೇಲೆ ಮಹಾರಾಜರು ರಾಜಪ್ರಮುಖರಾಗಿದ್ದ ವರ್ಷಗಳ ಮಾತು ಇದು. ಮೈಸೂರಿನ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ನಾನು ಸಹಾಯಕನಾಗಿದ್ದೆ. ರೋಗಿಗಳ ಗಂಟಲನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಕಳಿಸುತ್ತಿದ್ದರು. ಅದರಲ್ಲಿರುವುದನ್ನು ಬೆಳೆಸಿ, ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ಇದಲ್ಲದೆ ಹಿತ್ತಲ ಕೋಣೆಯಲ್ಲಿ ಗಿನಿಪಿಗ್ಗುಗಳನ್ನು ಸಾಕಿದ್ದೆವು. ಇಲಿಗಿಂತ ದೊಡ್ಡವು, ಮೊಲಕ್ಕಿಂತ ಚಿಕ್ಕವು, ಬಲು ಸಾಧು ಪ್ರಾಣಿಗಳು. ಅವಕ್ಕೆ ಹುಲ್ಲು ಹಾಕುವವನೂ ನಾನೇ, ಸೂಜಿ ಚುಚ್ಚುವವನೂ ನಾನೇ, ಸತ್ತಮೇಲೆ ಹೊಟ್ಟೆ ಸೀಳಿ ನೋಡುವವನೂ ನಾನೇ.

ನಮ್ಮಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಗಂಟಲಮಾರಿ, ಡಾಕ್ಟರುಗಳ ಮಾತಿನಲ್ಲಿ ಡಿಫ್ತೀರಿಯಾ. ಆಗ ಆ ಹೆಸರು ಕೇಳಿದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಆ ರೋಗದ ಕ್ರಿಮಿಯದು ಒಂದು ವಿಚಿತ್ರ. ಅದು ಗಂಟಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕೂತಲ್ಲೇ ಕೂತು ನಂಜು ಕಾರುತ್ತದೆ. ಅದರ ಮೇಲೆ ಬೀಳಲು ನಮ್ಮ ರಕ್ತದ ಬಿಳಿಯ ಕಣಗಳು ಓಡಿಬರುತ್ತವೆ. ಆ ನಂಜಿಗೆ ಸಿಕ್ಕಿ ಅವೂ ಸಾಯುತ್ತವೆ, ಗಂಟಲಿನ ಚರ್ಮವೂ ಸಾಯುತ್ತದೆ. ಆ ಹೆಣಗಳೆಲ್ಲ ಒಂದರ ಮೇಲೊಂದು ಬಿದ್ದು ಬೂದು ಬಣ್ಣದ ಪೊರೆಯಾಗುತ್ತದೆ. ಪೊರೆ ಉಸಿರಿನ ದಾರಿ ಕಟ್ಟಿದರೆ ಮಗು ಆಗಲೇ ಹೋಗುತ್ತದೆ. ಕಟ್ಟದಿದ್ದರೂ ಗೆದ್ದೆವು ಅನ್ನುವ ಹಾಗಿಲ್ಲ. ನಂಜು ರಕ್ತದ ಜೊತೆ ಹೊರಟು ಗುಂಡಿಗೆಗೆ, ನರಗಳಿಗೆ, ಮೂತ್ರಪಿಂಡಕ್ಕೆ ಹೋಗಿ ಅಲ್ಲಿಯ ಒಂದೊಂದು ಜೀವಕೋಶದ ಒಳಗೆ ಹೊಕ್ಕು ಅದರ ಒಲೆ ಆರಿಸುತ್ತದೆ. ನನ್ನ ಗಿನಿಪಿಗ್ಗುಗಳ ಹೊಟ್ಟೆ ಸೀಳಿದಾಗ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳು ರಕ್ತ ತುಂಬಿ ಕೆಂಪಗೆ ಊದಿರುತ್ತಿದ್ದವು. ಗುಂಡಿಗೆ ಮುಟ್ಟಿದರೆ ಬಲವೇ ಇಲ್ಲದೆ ಮೆತ್ತಗಿರುತ್ತಿತ್ತು.

ಇದಕ್ಕೆ ಔಷಧಿಯೆಂದರೆ ಕುದುರೆಯ ರಕ್ತದಿಂದ ತೆಗೆದ ಸೀರಂ. ಅದನ್ನು ಬೇಗ ಚುಚ್ಚಬೇಕು. ನಮ್ಮ ಡಾಕ್ಟರು, ಕೃಷ್ಣರಾಜಪುರಂ ಕಡೆಯ ಹಳೇ ಮನೆತನದವರು, ಮೆಲುಮಾತಿನ ಮನುಷ್ಯ, ಹೊಸಬರಿಗೆ ಹೀಗೆ ಹೇಳಿಕೊಡುತ್ತಿದ್ದರು: "ಸೀರಂ ಅನ್ನೋದು ಬೀದಿ ಪೊಲೀಸು ಕಣ್ರಪ್ಪ. ಬೀದೀಲಿ ತಿರುಗೋ ಕಳ್ಳನ್ನ ಹಿಡಿಯುತ್ತೆ. ಮನೆಯೊಳಗೆ ಹೊಕ್ಕು ಚಿಲಕ ಹಾಕ್ಕೊಂಡವನ್ನ ಅದೇನೂ ಮಾಡಲಾರದು."

ಇಷ್ಟೆಲ್ಲ ಬಲ್ಲ ನನ್ನ ಮನೆಗೇ ಅದು ಬಂತು.

ಬನ್ನಿಮಂಟಪದ ಹತ್ತಿರ ಒಂದು ವಠಾರದಲ್ಲಿ ನಮ್ಮ ಬಿಡಾರ. ಆರು ಮನೆಗೆ ಒಂದು ಕೊಳಾಯಿ. ಮನೆಯಲ್ಲಿ ನಾನು, ನನ್ನ ಹೆಂಡತಿ ಜಯಮ್ಮ, ಆರು ವರ್ಷದ ಮಗಳು ಕಮಲಿ. ಕಮಲಿಗೆ ಜ್ವರ ಬಂದ ಎರಡನೆಯ ದಿನ ಸಂಜೆ ಟಾರ್ಚು ಹಿಡಿದು ಅವಳ ಬಾಯಿ ತೆರೆಸಿದೆ. ಪ್ರಯೋಗಶಾಲೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಎಡಗಡೆ ಪೂರ್ತಿ ಬೂದು ಪೊರೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಟಾಂಗಾ ಹಿಡಿದು ಓಡಿದೆ. ಅದೇ ಸಂಜೆ ಸೀರಂ ಆಯಿತು. ಏಳೆಂಟು ದಿನ ಆಸ್ಪತ್ರೆಯಲ್ಲಿ ಜಯಮ್ಮ ಅವಳ ಮಂಚದ ಕೆಳಗೇ ಮಲಗಿದಳು. ಪೊರೆ ಕಳಚಿತು, ಉಸಿರು ಸರಿಯಾಯಿತು. ವಾರ್ಡಿನಲ್ಲಿ ಮಂಚಕ್ಕೆ ಕಾಯುವವರು ಬಹಳ ಮಂದಿ ಇದ್ದರು. ಡಾಕ್ಟರು ನನ್ನನ್ನು ಒಳಗೆ ಕರೆದರು.

"ನೀನು ಬಲ್ಲವನು ಅಂತ ಮನೆಗೆ ಕಳಿಸ್ತಾ ಇದೀನಿ. ಮಗು ಮಲಗಿದ ಕಡೆಯಿಂದ ಏಳಬಾರದು. ದಿಂಬೂ ಬೇಡ. ಕೂತ್ಕೊಂಡು ನೀರು ಕುಡಿಯೋದೂ ಬೇಡ. ಒಂದು ತಿಂಗಳಾಗಲಿ, ಆಮೇಲೆ ನೋಡೋಣ. ದಿನಕ್ಕೆ ಎರಡು ಸಲ ನಾಡಿ ಹಿಡಿದು ನೋಡು. ಏರುಪೇರಾದರೆ ಓಡಿ ಬಾ."

ಹೀಗೇಕೆ ಎಂದು ನಾನು ಕೇಳಲಿಲ್ಲ. ಹಿಂದಿನ ವರ್ಷ ನಮ್ಮ ವಾರ್ಡಿನಲ್ಲೇ ಚೆನ್ನಾಗಿ ಗುಣವಾಗಿದ್ದ ಒಬ್ಬ ಹುಡುಗ, ನಾಳೆ ಮನೆಗೆ ಹೋಗಬೇಕಾದವನು, ಕೆಳಗೆ ಬಿದ್ದ ಬುಗುರಿ ಎತ್ತಿಕೊಳ್ಳಲು ತಟಕ್ಕನೆ ಎದ್ದು ಕೂತು ಹಾಗೇ ಹಿಂದಕ್ಕೆ ಬಿದ್ದಿದ್ದ. ನಂಜು ಹೊಕ್ಕ ಗುಂಡಿಗೆಗೆ ಅಷ್ಟು ದುಡಿಮೆಯೂ ಭಾರ. ಅವನಿಗೆ ಬಿಳಿಯ ಬಟ್ಟೆ ಹೊದಿಸುವಾಗ ನಾನು ಅಲ್ಲೇ ಇದ್ದೆ.

ಮನೆಗೆ ಬಂದ ದಿನದಿಂದ ನಾನು ಜೈಲರನಾದೆ. ಕಮಲಿ ತಲೆ ಎತ್ತಿದರೆ ಗದರುತ್ತಿದ್ದೆ, ಮಗ್ಗುಲಾದರೆ ಗದರುತ್ತಿದ್ದೆ. ಮೊಮ್ಮಗಳನ್ನು ನೋಡಿಕೊಳ್ಳಲು ನಮ್ಮವ್ವ ಹಿನಕಲ್ಲಿನಿಂದ ಬಂದಳು. ಬಂದವಳೇ ಬೇವಿನ ಸೊಪ್ಪು ತಂದು ಹೊಸಿಲಿಗೆ ಸಿಕ್ಕಿಸಿದಳು.

"ಮಾರಿ ಬಂದು ಹೋಗವ್ಳೆ ಕಣ್ಲಾ. ಮೂರು ನೀರು ಹಾಕ್ಬೇಕು. ಮಗೀನ ಮಣೆ ಮ್ಯಾಲೆ ಕೂರ್ಸಿ ತಲೆಗೆ ನೀರು ಹುಯ್ದ್ರೆ ತಾಯಿ ತಣ್ಣಗಾಯ್ತಾಳೆ."

"ಕೂರಿಸಿದ್ರೆ ಸತ್ತೋಗ್ತಾಳೆ ಕಣವ್ವ!"

"ಬಿಡ್ತು ಅನ್ನು! ಏನ್ ಬಾಯೋ ನಿಂದು, ಮಕ್ಕಳ ಮುಂದೆ ಆಡೋ ಮಾತಾ?"

"ನಾನು ಕೆಲ್ಸಕ್ಕೆ ಹೋದಾಗ ನೀನೇನಾದ್ರೂ ಅವಳನ್ನ ಎಬ್ಬಿಸಿದ್ರೆ, ನೋಡು, ನಾನು ನಿನ್ನ ಮಗನೇ ಅಲ್ಲ."

ನಮ್ಮವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಕರಗಲಿಲ್ಲ. ಪ್ರತಿದಿನ ಕೆಲಸಕ್ಕೆ ಹೊರಟಾಗಲೂ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿ ಹೋಗುತ್ತಿದ್ದೆ. ನನಗಿದ್ದ ಭಯವೆಲ್ಲ ಆ ಮಣೆ, ಆ ನೀರಿನ ಕೊಡ, ಆ ಮುದುಕಿಯ ನಂಬಿಕೆ ಇಷ್ಟರ ಮೇಲೇ ಇತ್ತು. ಬೇರೆ ಕಡೆ ತಿರುಗಿ ನೋಡಲಿಲ್ಲ.

ಈಗ ಜಯಮ್ಮನ ವಿಷಯ ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಗಂಟಲು ನೋವಿದ್ದಾಗ ಕಮಲಿ ಏನನ್ನೂ ನುಂಗುತ್ತಿರಲಿಲ್ಲ. ಜಯಮ್ಮ ಚಮಚದಲ್ಲಿ ಗಂಜಿ ತೆಗೆದು "ನೋಡು, ಅಮ್ಮ ಕುಡೀತಾಳೆ" ಎಂದು ತಾನು ಒಂದು ಗುಟುಕು ಕುಡಿಯುವಳು. ಅದೇ ಚಮಚ ಮಗುವಿನ ಬಾಯಿಗೆ. ಮಗು ಅರ್ಧ ಉಗುಳಿದರೆ ಉಳಿದದ್ದು ಮತ್ತೆ ತನ್ನ ಬಾಯಿಗೆ. ಕಡೆಗೆ ಬಟ್ಟಲಲ್ಲಿ ಉಳಿದ ಗಂಜಿಯನ್ನು ಚೆಲ್ಲದೆ ಗಟಗಟ ಕುಡಿದುಬಿಡುವಳು. ನಮ್ಮ ಕಡೆ ಯಾವ ತಾಯಿ ಹೀಗೆ ಮಾಡುವುದಿಲ್ಲ? ಮಕ್ಕಳ ಎಂಜಲು ತಾಯಿಗೆ ಎಂಜಲೇ ಅಲ್ಲ. ಪ್ರಯೋಗಶಾಲೆಯಲ್ಲಿ ಕ್ರಿಮಿ ಸವರುವ ತಂತಿಯನ್ನು ಎರಡು ಸಲ ಬೆಂಕಿಗೆ ಹಿಡಿಯದೆ ಮುಟ್ಟದ ನಾನು, ಇದನ್ನು ಮಂಚದ ಪಕ್ಕದಲ್ಲೇ ನಿಂತು ನೋಡಿದೆ. ಹೆಂಡತಿ ಮಗುವಿಗೆ ಗಂಜಿ ಕುಡಿಸುತ್ತಿದ್ದಾಳೆ ಅಂತಷ್ಟೇ ಕಂಡಿತು. ದೊಡ್ಡವರಿಗೆ ಈ ರೋಗ ತಗಲುವುದು ಅಪರೂಪ ಎಂಬ ಓದು ಬೇರೆ ತಲೆಯಲ್ಲಿತ್ತು.

ಮನೆಗೆ ಬಂದ ಮೇಲೆ ಅವಳ ದನಿ ಮೂಗಿನಲ್ಲಿ ಬರತೊಡಗಿತು. "ಏನೇ, ಶೀತವಾ?" ಎಂದೆ. "ಹೂಂ ಕಣ್ರೀ, ಆಸ್ಪತ್ರೆ ನೆಲ ತಣ್ಣಗಿತ್ತಲ್ಲ" ಎಂದಳು. ಒಂದು ದಿನ ಅವಳು ನೀರು ಕುಡಿಯುವಾಗ ಅದು ಮೂಗಿನಿಂದ ಹೊರಗೆ ಬಂತು. "ಆತುರಾತುರವಾಗಿ ಕುಡುದ್ಬುಟ್ಟೆ" ಎಂದು ನಕ್ಕು ಸೆರಗಿನಲ್ಲಿ ಒರೆಸಿಕೊಂಡಳು. ನಾನೂ ನಕ್ಕೆ. ಬೇರೆಯವರ ಮನೆಯ ರೋಗಿಗೆ ಹೀಗಾಗಿದೆ ಎಂದು ಯಾರಾದರೂ ಹೇಳಿದ್ದರೆ, ಅಂಗುಳಿನ ನರಕ್ಕೆ ನಂಜು ಹೊಕ್ಕಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ನಕ್ಕೆನಲ್ಲ, ಥೂ!

ಜಯಮ್ಮ ಒಂದು ಹರಕೆ ಹೊತ್ತಿದ್ದಳು. ಮಗು ಬದುಕಿ ಮನೆಗೆ ಬಂದರೆ ಚಾಮುಂಡಿ ಬೆಟ್ಟದ ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿನವರೆಗೆ ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತೇನೆ ಎಂದು. ಸಾವಿರ ಮೆಟ್ಟಿಲು. ಮನೆಗೆ ಬಂದ ಎರಡನೆಯ ಶುಕ್ರವಾರ ಹೊರಟು ನಿಂತಳು. ಪಕ್ಕದ ಮನೆಯ ಗೌರಮ್ಮ ಜೊತೆಗೆ. ನಾನು ಕನ್ನಡಿ ಮುಂದೆ ಕೂತು ಗಡ್ಡ ಹೆರೆಯುತ್ತಿದ್ದೆ.

"ಮಗಳನ್ನ ಉಳಿಸಿದ್ದು ಕುದುರೆ ಸೀರಂ. ಆ ಕುದುರೆಗೂ ಒಂದಿಷ್ಟು ಕುಂಕುಮ ಹಚ್ಚಿ ಬಾ" ಎಂದೆ.

"ಹಚ್ತೀನಿ, ಕುದುರೆ ಎಲ್ಲದೆ ಹೇಳಿ" ಎಂದಳು. ಮೂಗಿನಲ್ಲೇ ಆಡಿದ ಮಾತು. ಮುಖ ಬಿಳಿಚಿಕೊಂಡಿತ್ತು. ನಿದ್ದೆಗೆಟ್ಟ ಮುಖ ಅಂದುಕೊಂಡೆ. ಹತ್ತಕ್ಕೆಲ್ಲ ಬೆಟ್ಟ ಹತ್ತಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರುತ್ತೇನೆ ಎಂದು ಹೇಳಿ ಹೋದಳು.

ಆ ದಿನ ನಾನು ಎಂದಿನಂತೆ ಕೆಲಸಕ್ಕೆ ಕೂತೆ. ಒಂಬತ್ತು ದಾಟಿತ್ತು. ಚಿಮುಟದಲ್ಲಿ ಗಾಜಿನ ಪಟ್ಟಿ ಹಿಡಿದು ಬಣ್ಣ ತೊಳೆಯುತ್ತಿದ್ದೆ. ಬಲಗೈಯ ಮೂರು ಬೆರಳಿನ ತುದಿಯಲ್ಲಿ ಏನೋ ಬಡಿದ ಹಾಗಾಯಿತು. ಚಿಮುಟ ಅಲುಗುತ್ತಿದೆ ಅಂದುಕೊಂಡು ಕೆಳಗಿಟ್ಟೆ. ಬಡಿತ ನಿಲ್ಲಲಿಲ್ಲ. ಬೆರಳುಗಳನ್ನು ಗಾಳಿಯಲ್ಲಿ ಹಿಡಿದೆ. ಆಗಲೂ ಇತ್ತು. ಎರಡು ವಾರದಿಂದ ಬೆಳಿಗ್ಗೆ ಸಂಜೆ ಮಗುವಿನ ಮಣಿಕಟ್ಟು ಹಿಡಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ನಾಡಿ. ತೆಳ್ಳಗೆ, ಓಡುತ್ತಿರುವ ನಾಡಿ.

ಮೊದಲು ನನಗೆ ನನ್ನ ಮೇಲೇ ಸಿಟ್ಟು ಬಂತು. ನಿದ್ದೆ ಕಡಿಮೆಯಾಗಿದೆ, ಕೈ ಸೋತಿದೆ, ಅಷ್ಟೆ ಎಂದು ಬೈದುಕೊಂಡು ಬಿಸಿನೀರಿನಲ್ಲಿ ಕೈ ತೊಳೆದೆ. ಹೋಗಲಿಲ್ಲ. ನನ್ನದೇ ರಕ್ತ ಬೆರಳಿನಲ್ಲಿ ಬಡಿಯುತ್ತಿರಬಹುದು ಎಂದು ಕುತ್ತಿಗೆಗೆ ಎಡಗೈ ಇಟ್ಟು ನೋಡಿದೆ. ನನ್ನದು ನಿಧಾನವಾಗಿ, ಗಡಿಯಾರದ ಹಾಗೆ ನಡೆಯುತ್ತಿತ್ತು. ಬೆರಳಿನಲ್ಲಿದ್ದದ್ದು ಬೇರೆ. ಎರಡನ್ನೂ ಒಟ್ಟಿಗೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಎರಡೂ ಒಂದಾಗಲಿಲ್ಲ.

ಹತ್ತೂವರೆಯ ಸುಮಾರಿಗೆ ಅದರ ನಡೆ ಬದಲಾಯಿತು. ಓಟ ನಿಂತು ಎಡವತೊಡಗಿತು. ಮೂರು ಬಡಿತ, ಒಂದು ಖಾಲಿ. ಮತ್ತೆ ಮೂರು ಬಡಿತ, ಒಂದು ಖಾಲಿ. ಎದುರಿಗೆ ಆ ದಿನದ ರಿಜಿಸ್ಟರು ತೆರೆದಿತ್ತು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಗೀಟು ಎಳೆದು ಜಾಗ ಬಿಟ್ಟೆ, ಮತ್ತೆ ಮೂರು ಗೀಟು, ಮತ್ತೆ ಜಾಗ. ಪುಟದ ತುದಿಯವರೆಗೂ ಅದೇ. ಪಕ್ಕದಲ್ಲಿ ಗಂಟೆಯನ್ನೂ ಬರೆದೆ. ಪ್ರಯೋಗಶಾಲೆಯವನ ಚಾಳಿ, ಕಂಡದ್ದನ್ನು ಬರೆದಿಡುವುದು.

ಆಮೇಲೆ ನನ್ನ ಎದೆಯಲ್ಲಿ ಬೆಂಕಿ ಬಿದ್ದಿತು. ಜಯಮ್ಮ ಬೆಟ್ಟಕ್ಕೆ ಹೋಗಿದ್ದಾಳೆ. ಮನೆಯಲ್ಲಿ ನಮ್ಮವ್ವ ಒಬ್ಬಳೇ. ಇವತ್ತು ಶುಕ್ರವಾರ. ಮಣೆ ಹಾಕಿದ್ದಾಳೆ, ಮಗುವನ್ನು ಕೂರಿಸಿದ್ದಾಳೆ, ನೀರು ಹುಯ್ಯುತ್ತಿದ್ದಾಳೆ! ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುವಂತಿರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಡಾಕ್ಟರು ವಾರ್ಡಿನಿಂದ ಬರುವವರೆಗೆ ಕಾಯಬೇಕಾಯಿತು. ಕಾದೆ ಅನ್ನುವುದಕ್ಕಿಂತ ಬೆಂದೆ ಅನ್ನಬೇಕು. ಬೆರಳಿನಲ್ಲಿ ಪ್ರತಿ ಸಲ ಆ ಖಾಲಿ ಬಂದಾಗಲೂ ಇನ್ನು ಮುಂದಿನದು ಬರುವುದೇ ಇಲ್ಲವೇನೋ ಎಂದು ಉಸಿರು ಹಿಡಿಯುತ್ತಿದ್ದೆ. ಅವರು ಬಂದ ಕೂಡಲೇ "ಮಗು" ಎಂದಷ್ಟೇ ಹೇಳಿ ಸೈಕಲ್ಲು ಹತ್ತಿದೆ.

ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಬಿಸಿಲು ಸುರಿಯುತ್ತಿತ್ತು. ಸೈಕಲ್ಲಿನ ಹಿಡಿಯ ಮೇಲಿದ್ದ ನನ್ನ ಬೆರಳಲ್ಲಿ ಆ ನಾಡಿ ನಡೆಯುತ್ತಲೇ ಇತ್ತು. ಯಾವ ದೇವರನ್ನೂ ನಂಬದವನು ಆ ರಸ್ತೆಯಲ್ಲಿ ಎಷ್ಟು ದೇವರ ಹೆಸರು ಹೇಳಿದೆನೋ ನನಗೇ ಗೊತ್ತಿಲ್ಲ. ತಾಯಿ, ನಿಲ್ಲಿಸಬೇಡ, ನಾನು ಮನೆ ಮುಟ್ಟುವವರೆಗೆ ನಿಲ್ಲಿಸಬೇಡ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಎದುರಿಗೆ ಬಂದ ಟಾಂಗಾದವನು "ಯಾಕಣ್ಣ, ಕುಡ್ದಿದ್ದೀಯಾ?" ಎಂದು ಕೂಗಿದ.

ಮನೆಯೊಳಗೆ ಚಪ್ಪಲಿ ಕಾಲಿನಲ್ಲೇ ನುಗ್ಗಿದೆ. ಕಮಲಿ ಚಾಪೆಯ ಮೇಲೆ ಅಂಗಾತ ಮಲಗಿ ಸೂರು ನೋಡುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ನಮ್ಮವ್ವ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಣೆ ಗೋಡೆಗೆ ಒರಗಿಸಿದ ಕಡೆಯೇ ಇತ್ತು. ಜಯಮ್ಮನೂ ಆಗಲೇ ಬಂದಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಬೆರಳುಗಳೆಲ್ಲ ಅರಿಶಿನ ಕುಂಕುಮ.

"ಮಗೂನ ಎಬ್ಬಿಸಿದ್ಯಾ?" ಎಂದು ನಮ್ಮವ್ವನ ಮೇಲೆ ಕೂಗಾಡಿದೆ.

"ನಿನ್ನಾಣೆ, ಮುಟ್ಟೂ ಇಲ್ಲ ಕಣ್ಲಾ" ಎಂದಳು ಅವಳು.

ಮಗುವಿನ ಪಕ್ಕದಲ್ಲಿ ಕುಕ್ಕರಿಸಿ ಅವಳ ಮಣಿಕಟ್ಟು ಹಿಡಿದೆ. ನಾಡಿ ನೆಟ್ಟಗಿತ್ತು. ಒಂದೂ ತಪ್ಪದೆ ಮೆತ್ತಗೆ ನಡೆಯುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ ಎಣಿಸಿದೆ. ಅದರ ಮೇಲೆಯೇ ಇನ್ನೊಂದು, ಮೂರು ಬಡಿದು ಒಂದು ಬಿಡುವುದು, ನನ್ನ ಬೆರಳಲ್ಲಿ ಬೇರೆಯಾಗಿ ನಡೆಯುತ್ತಲೇ ಇತ್ತು. ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು. ಮಗಳು ಚೆನ್ನಾಗಿದ್ದಾಳೆ. ಇದು ನನ್ನ ತಲೆಯ ರೋಗ, ತೊಲಗಲಿ ಎಂದುಕೊಂಡೆ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಅಷ್ಟು ದೂರದಿಂದ ಓಡ್ಬಂದ್ರಾ?" ಎಂದಳು ಜಯಮ್ಮ. ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಚಾಚಿದಳು. "ನಿಮಗೂ ಭಯ ಆಯ್ತದೆ ಅಂತ ಇವತ್ತು ಗೊತ್ತಾಯ್ತು ಕಣ್ರೀ" ಎಂದು ನಕ್ಕಳು.

"ನಾಚಿಕೆ ಆಗಲ್ವೇನೆ ನಗೋಕೆ?" ಎಂದು ಗದರಿದೆ.

ನೀರು ಕುಡಿದು ಮತ್ತೆ ಸೈಕಲ್ಲು ಹತ್ತಿದೆ.

ಸಂಜೆ ನಾಲ್ಕೂವರೆಗೆ ಗೌರಮ್ಮನ ಗಂಡ ಟಾಂಗಾದಲ್ಲಿ ಆಸ್ಪತ್ರೆಗೆ ಬಂದರು. "ನಿಮ್ಮ ಮನೆಯೋರು ಕೊಳಾಯಿ ಹತ್ರ ಬಿದ್ದವ್ರೆ, ಎಚ್ಚರ ಬಂದಿದೆ, ಆದ್ರೆ ಮುಖ ಸರಿಯಿಲ್ಲ" ಎಂದರು. ಆ ಕ್ಷಣಕ್ಕೆ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಗಂಜಿಯ ಚಮಚ, ಮೂಗಿನ ದನಿ, ಮೂಗಿನಿಂದ ಬಂದ ನೀರು, ಬಿಳಿಚಿದ ಮುಖ. ಡಾಕ್ಟರ ಕಾಲು ಹಿಡಿದುಕೊಂಡೆ. ಅವರು ಪೆಟ್ಟಿಗೆ ತೆಗೆದುಕೊಂಡು ಅದೇ ಟಾಂಗಾ ಹತ್ತಿದರು.

ಜಯಮ್ಮನನ್ನು ಕಮಲಿಯ ಪಕ್ಕದಲ್ಲೇ ಇನ್ನೊಂದು ಚಾಪೆಯ ಮೇಲೆ ಮಲಗಿಸಿದ್ದರು. ತುಟಿ ನೀಲಿಯಾಗಿತ್ತು. ಡಾಕ್ಟರು ಚಮಚದ ಹಿಡಿಯಿಂದ ನಾಲಿಗೆ ಒತ್ತಿ ನೋಡಿದರು. ಗಂಟಲಿನ ಒಂದು ಮೂಲೆಯಲ್ಲಿ ಪೊರೆಯ ಗುರುತು ಇನ್ನೂ ಇತ್ತು. "ಆ" ಅನ್ನಿಸಿದರೆ ಅಂಗುಳು ಅಲುಗಲಿಲ್ಲ.

"ಎಷ್ಟು ದಿನವಾಯ್ತಮ್ಮ ಗಂಟಲು ನೋವು ಬಂದು?"

"ಆಸ್ಪತ್ರೇಲಿದ್ದಾಗ್ಲೇ ಬಂದಿತ್ತು, ಬುದ್ಧಿ. ಹೇಳಿದ್ರೆ ನನ್ನ ಬೇರೆ ವಾರ್ಡಿಗೆ ಹಾಕ್ಬುಡ್ತಿದ್ರಿ. ಮಗು ಒಂದೇ ಆಗ್ಬುಡ್ತಿತ್ತು."

ಡಾಕ್ಟರು ಅವಳ ಬೆರಳುಗಳಲ್ಲಿದ್ದ ಅರಿಶಿನವನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಗದರಲಿಲ್ಲ. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮಗೂನ ದಿಂಬೂ ಇಲ್ಲದೆ ಮಲಗಿಸಿದೆಯಲ್ಲಪ್ಪ. ಇವರನ್ನ ಬೆಟ್ಟ ಹತ್ತಿಸಿದೆಯಾ?"

ಸೀರಂ ತರಿಸೋಣ ಎಂದು ನಾನು ಅಂಗಲಾಚಿದೆ. ಅವರು ತಲೆ ಅಲ್ಲಾಡಿಸಿದರು. ಬೀದಿಯಲ್ಲಿ ಹಿಡಿಯಲು ಈಗ ಕಳ್ಳ ಯಾರೂ ಉಳಿದಿರಲಿಲ್ಲ. ಆದರೂ ನನ್ನ ಸಮಾಧಾನಕ್ಕೆ ಗೌರಮ್ಮನ ಗಂಡನನ್ನು ಚೀಟಿ ಕೊಟ್ಟು ಕಳಿಸಿದರು. ಆಸ್ಪತ್ರೆಗೆ ಒಯ್ಯೋಣವೇ ಎಂದೆ. ಟಾಂಗಾದ ಕುಲುಕಾಟವೂ ಬೇಡ, ಅಲುಗಿಸಬೇಡ ಎಂದರು. ಒಂದು ಸೂಜಿ ಹಾಕಿ, ಅವಳ ಮಣಿಕಟ್ಟು ಹಿಡಿದು ನೆಲದ ಮೇಲೆ ಕೂತರು. ಕಮಲಿ ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದಳು.

"ಅಮ್ಮನಿಗೂ ದಿಂಬಿಲ್ವಾ ಅಪ್ಪ?"

"ಇಲ್ಲ ಮಗಳೆ."

"ಹಂಗಾದ್ರೆ ಅಮ್ಮನೂ ಒಂದು ತಿಂಗಳು ಏಳಂಗಿಲ್ಲ" ಎಂದು ಖುಷಿಯಿಂದ ಹೇಳಿದಳು. ಜಯಮ್ಮ ಕೈ ಚಾಚಿ ಅವಳ ಕೆನ್ನೆ ಮುಟ್ಟಿದಳು. ಕೆನ್ನೆಗೆ ಅರಿಶಿನವಾಯಿತು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಡಾಕ್ಟರು ಬಲಗೈಯಲ್ಲಿ ನಾಡಿ ಹಿಡಿದು, ಎಡಗೈಯ ತೋರುಬೆರಳಿನಿಂದ ನೆಲದ ಮೇಲೆ ತಟ್ಟುತ್ತ ಎಣಿಸುತ್ತಿದ್ದರು. ಅದು ಅವರ ರೂಢಿ. ಆ ಬೆರಳನ್ನು ನೋಡಿದೆ. ತಟ್, ತಟ್, ತಟ್. ಎತ್ತಿ ಹಿಡಿದ ಬೆರಳು. ಮತ್ತೆ ತಟ್, ತಟ್, ತಟ್. ಬೆಳಿಗ್ಗೆಯಿಂದ ನನ್ನ ಬೆರಳಿನಲ್ಲಿ ನಡೆಯುತ್ತಿದ್ದದ್ದು ಅದೇ. ಹೋಲಿಕೆ ಅಂತ ಹೇಳುತ್ತಿಲ್ಲ. ಅವರ ಬೆರಳು ನೆಲ ಮುಟ್ಟುವ ಗಳಿಗೆಗೇ ನನ್ನ ಬೆರಳ ತುದಿಯಲ್ಲಿ ಬಡಿತ ಬೀಳುತ್ತಿತ್ತು. ಎರಡೂ ಒಂದೇ. ನಾನು ಕಣ್ಣು ಮುಚ್ಚಿದೆ. ಮುಚ್ಚಿಕೊಂಡೇ ಮೂರು ಎಣಿಸಿ, ಒಂದು ಬಿಟ್ಟು, ಮೂರು ಎಣಿಸಿದೆ. ತೆರೆದಾಗ ಅವರ ಬೆರಳೂ ಅದೇ ಎಣಿಕೆಯಲ್ಲಿತ್ತು.

ದೀಪ ಹಚ್ಚುವ ಹೊತ್ತಿಗೆ ನಮ್ಮವ್ವ ಲಾಟೀನು ತಂದಿಟ್ಟಳು. ನನ್ನ ಬೆರಳಲ್ಲಿ ಒಂದು ಬಡಿಯಿತು, ಎರಡು ಬಡಿಯಿತು. ಮೂರನೆಯದು ಬರಲಿಲ್ಲ. ಡಾಕ್ಟರ ಬೆರಳು ನೆಲದಿಂದ ಒಂದು ಅಂಗುಲ ಮೇಲೆ ನಿಂತಿತು. ಅವರು ಕಾಯುತ್ತಿದ್ದರು. ನಾನು ಕಾಯಲಿಲ್ಲ. ಸೀರಂ ತರಲು ಹೋದವರ ಟಾಂಗಾ ವಠಾರದ ಬಾಗಿಲಿಗೆ ಬಂದು ನಿಂತ ಸದ್ದು ಆಗ ಕೇಳಿಸಿತು.

ಅಂದಿನಿಂದ ಇಂದಿನವರೆಗೆ ನನ್ನ ಬೆರಳಲ್ಲಿ ಮತ್ತೆ ಅಂಥದು ಏನೂ ಆಗಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಗೌರಮ್ಮ ಒಂದು ಮಾತು ಹೇಳಿದರು. ನಂದಿಯ ಹತ್ತಿರ ಜಯಮ್ಮ ಕುಸಿದು ಕೂತಳಂತೆ. "ಎದೆ ಡವಡವ ಅಂತದೆ ಗೌರಕ್ಕ, ಒಂಚೂರು ತಡೀರಿ" ಅಂದಳಂತೆ. ಅಷ್ಟಕ್ಕೆ ಸಾಕು ಬಾ ಎಂದರೆ ಕೇಳದೆ, ಉಳಿದ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಹಚ್ಚಿದಳಂತೆ. ಎಷ್ಟು ಹೊತ್ತಾಗಿತ್ತು ಎಂದು ಕೇಳಿದೆ. "ಹತ್ತು, ಹತ್ತೂವರೆ ಇರ್ಬೋದು, ಬಿಸಿಲು ಚುರುಕಾಗಿತ್ತು" ಎಂದರು.

ರಿಜಿಸ್ಟರಿನ ಆ ಪುಟವನ್ನು ಡಾಕ್ಟರಿಗೆ ತೋರಿಸಿದೆ. ಅವರು ಪೆನ್ಸಿಲಿನ ಗೀಟುಗಳನ್ನು ಒಂದೊಂದಾಗಿ ಎಣಿಸಿದರು. "ನೋಡಪ್ಪ, ಆಕೆಯ ದನಿ, ಮೂಗಿನಿಂದ ಬಂದ ನೀರು ಎಲ್ಲಾ ನಿನ್ನ ಕಣ್ಣಿಗೆ ಬಿದ್ದಿತ್ತು. ನೀನು ಒಪ್ಪಿಕೊಂಡಿರಲಿಲ್ಲ. ಒಳಗಿನ ಮನಸ್ಸು ಒಪ್ಪಿಕೊಂಡಿತ್ತು" ಎಂದರು. ಒಳ್ಳೆಯ ಉತ್ತರ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. "ಆದರೆ ಮೂರು ಹೊಡೆದು ಒಂದು ಬಿಡುತ್ತೆ ಅಂತ ನನ್ನ ಮನಸ್ಸಿಗೆ ಯಾರು ಹೇಳಿದರು, ಡಾಕ್ಟ್ರೇ?" ಎಂದು ಕೇಳಿದೆ. ಅವರು ರಿಜಿಸ್ಟರು ಮುಚ್ಚಿ ಬೀರುವಿನಲ್ಲಿಟ್ಟರು.

ನಾನು ಈಗಲೂ ದೆವ್ವ ನಂಬುವುದಿಲ್ಲ. ಜಯಮ್ಮನ ಹರಕೆ ಫಲಿಸಿತು, ದೇವಿ ಒಬ್ಬರನ್ನು ಬಿಟ್ಟು ಒಬ್ಬರನ್ನು ತೆಗೆದುಕೊಂಡಳು ಎಂದು ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು. ಅದನ್ನೂ ನಂಬುವುದಿಲ್ಲ. ಅವಳನ್ನು ಕೊಂದದ್ದು ಕಣ್ಣಿಗೆ ಕಾಣದ ಒಂದು ಕ್ರಿಮಿಯ ನಂಜು ಮತ್ತು ಅದನ್ನು ಬಲ್ಲ ಒಬ್ಬ ಗಂಡನ ಕುರುಡು. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ನನ್ನ ಬೆರಳಲ್ಲಿ ನಡೆದದ್ದು ಏನು ಎಂಬುದಷ್ಟೇ ಅರ್ಥವಾಗಿಲ್ಲ. ಹೇಳಿಕೊಡುವವರು ಯಾರಾದರೂ ಇದ್ದರೆ ಹೇಳಿ. ಈಗ ಚಪ್ಪಲಿ ಮೆಟ್ಟಿಕೊಂಡು ಎದ್ದುಹೋಗುವುದಿಲ್ಲ.

ಕಮಲಿ ಬದುಕಿದಳು, ಬೆಳೆದಳು. ಮನೆಯಲ್ಲಿ ಯಾರಿಗಾದರೂ ಶೀತವಾದರೆ ನಾನು ಓಡಿಹೋಗಿ ಮಣಿಕಟ್ಟು ಹಿಡಿಯುತ್ತೇನೆ. "ಶುರುವಾಯ್ತು ಅಪ್ಪಂದು" ಎಂದು ಅವಳು ನಗುತ್ತಾಳೆ. ಏಕೆ ಹಿಡಿಯುತ್ತೇನೆ ಎಂದು ಅವಳಿಗೆ ಹೇಳಿಲ್ಲ. ಆ ಮಧ್ಯಾಹ್ನ ಜಯಮ್ಮ ಚೊಂಬು ಚಾಚಿದಾಗ ನಾಡಿ ನನ್ನ ಬೆರಳಲ್ಲಿ ಬಡಿಯುತ್ತಲೇ ಇತ್ತು. ಅವಳ ಮಣಿಕಟ್ಟು ನನ್ನ ಬೆರಳಿನಿಂದ ಒಂದು ಅಂಗುಲ ದೂರದಲ್ಲಿತ್ತು. ನಾನು ನೀರು ಕುಡಿದು, ಚೊಂಬನ್ನು ಅವಳ ಕೈಗೇ ವಾಪಸು ಕೊಟ್ಟೆ.